ಅರಸನ ಕಾಲಿನ ಮದ್ದು

ಊರೂರಲ್ಲಿ ಡಂಗುರ ಬಿತ್ತು: "ಕೇಳಿರಪ್ಪೋ ಕೇಳಿರಿ! ದೊರೆಯ ಕಾಲಿನ ಬೇನೆ ಕಳೆಯುವವರು ಮೊದಲು ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ!"

ದನ ಕಾಯುವ ಕೆಂಚನಿಗೆ ಸಿರಿಯ ಆಸೆ ಇರಲಿಲ್ಲ. ಆಸೆ ಇದ್ದದ್ದು ಅವನ ಅಣ್ಣ ಮಾದನಿಗೆ. ಅವನು ಹೋಗಿ, ಮೂರನೆಯ ಒಗಟಿಗೆ ಎಡವಿ, ಸೆರೆಯಲ್ಲಿ ಬಿದ್ದಿದ್ದ. ಮರುದಿನ ಅವನ ತಲೆ ಹೋಗಬೇಕು. ಕೆಂಚ ಅಳುತ್ತಲೇ ಒಗಟು ಬಿಡಿಸಲು ಅರಮನೆಗೆ ಬಂದ.

"ಜನ ತುಳಿಯುತ್ತಾರೆ, ದೇವರು ತಲೆಯ ಮೇಲೆ ಹೊರುತ್ತಾನೆ. ಏನದು?" ಎಂದಳು ಪದ್ಮಲೆ. ಇದಕ್ಕೆ ಪಾದುಕೆ ಎಂದ ಪಂಡಿತನ ತಲೆ ಆಗಲೇ ಹೋಗಿತ್ತು.

"ಗರಿಕೆ ತಾಯಿ. ಗಣಪನ ತಲೆ ಮೇಲೇ ಇರ್ತದಲ್ಲ. ಕುಡುಗೋಲು ತಾಗಿದ್ರೆ ನಮ್ಮವ್ವ ಅದನ್ನೇ ಜಜ್ಜಿ ರಕ್ತ ನಿಲ್ಲಿಸ್ತಿದ್ಲು."

"ನಾಲಿಗೆಗೆ ಹಗೆ, ತೊಗಲಿಗೆ ತಾಯಿ. ಏನದು?" ಗಂಧ ಎಂದ ಸಾಮಂತನ ಮಗನೂ ಉಳಿದಿರಲಿಲ್ಲ.

"ಬೇವು. ಕಹಿ ಅಂತ ಉಗೀತೀವಿ, ಕಜ್ಜಿಯಾದ್ರೆ ಅದರ ನೀರಲ್ಲೇ ಮೀತೀವಿ."

ಪದ್ಮಲೆಯ ದನಿ ಕುಗ್ಗಿತು. "ಬಾಗಿಲು ಬೇಗ ಮುಚ್ಚಿದರೆ ಒಳಗೆ ಕೇಡು ಬೆಳೆಯುತ್ತದೆ. ಯಾವ ಮನೆ?"

ಅಣ್ಣ ಇದಕ್ಕೇ ಖಜಾನೆ ಎಂದು ಕೆಟ್ಟಿದ್ದ. ಕೆಂಚ ಮಗಳ ಪಕ್ಕ ಕೂತಿದ್ದ ದೊರೆಯತ್ತ ತಿರುಗಿದ. ಅಷ್ಟರಲ್ಲಿ ದೊರೆಯ ಕಾಲಿನ ರೇಷ್ಮೆ ಪಟ್ಟಿಯಿಂದ ಪರಿಚಯದ ನಾತ ಬಂತು.

"ಹುಣ್ಣು ತಾಯಿ! ನೊಗ ತಿಂದ ಎತ್ತಿನ ಹೆಗಲು ಮೇಲೆ ಮಾಯ್ತದೆ, ಒಳಗೆ ಕೀವು ಕಟ್ತದೆ. ದೊರೆ ಕಾಲೂ ಹಂಗೇ ಆಗದೆ. ಹುಣ್ಣಿನ ಬಾಯಿ ಬಿಡಿಸಬೇಕು."

ಸಭೆ ನಡುಗಿತು. ಅರಸನ ಮೈಗೆ ನೋವು ಮಾಡಿದ ಕೈಯನ್ನು ಕಡಿಯುವುದು ಆ ಮನೆತನದ ಕಟ್ಟಳೆ. ಅದಕ್ಕೆ ಹೆದರಿ ವೈದ್ಯರೆಲ್ಲ ಮೇಲೆ ಮೇಲೆ ಲೇಪ ಹಚ್ಚಿದ್ದರು.

"ನನಗೆ ಗೊತ್ತಿತ್ತು ಅಪ್ಪಾಜಿ, ಹೇಳುವ ಧೈರ್ಯ ಇರಲಿಲ್ಲ, ಅದಕ್ಕೇ ಒಗಟು ಕಟ್ಟಿದೆ," ಎಂದು ಪದ್ಮಲೆ ಅತ್ತಳು.

ಕೆಂಚ ಜಾಲಿಮುಳ್ಳಿನಿಂದ ಹುಣ್ಣು ಬಿಡಿಸಿದ. ದೊರೆ ಕಿರುಚಿದ, ಭಟರು ಕತ್ತಿ ಹಿರಿದರು, ಪದ್ಮಲೆ ಅಡ್ಡ ನಿಂತಳು. ಕೀವು ಹರಿದು, ಬೇವಿನ ನೀರಿನಲ್ಲಿ ತೊಳೆದ ಮೇಲೆ ದೊರೆಗೆ ಉಸಿರು ಬಂತು.

"ಏನು ಬೇಕಪ್ಪ, ಕೇಳು."

"ನಮ್ಮಣ್ಣ ಬೇಕು."

ಮಾದ ಬಂದ. ಸಂಕೋಲೆ ಉಜ್ಜಿ ಅವನ ಕಾಲೂ ಹುಣ್ಣಾಗಿತ್ತು. ಉಳಿದ ಬೇವಿನ ನೀರನ್ನು ಕೆಂಚ ಅದಕ್ಕೇ ಸುರಿದ. ಆಗ ಕೋಟೆಯಾಚೆ ಪಂಡಿತನ ತಾಯಿಯ ಗೋಳು ಕೇಳಿಸಿತು. ಅದು ದಿನವೂ ಇತ್ತು, ದೊರೆಯ ಕಿವಿಗೆ ಬಿದ್ದದ್ದು ಅಂದೇ.

"ಅವಳಿಗೇನು ಮದ್ದು?"

"ನನಗೆ ತಿಳೀದು ದೊರೆ," ಎಂದ ಕೆಂಚ ಅಣ್ಣನಿಗೆ ಹೆಗಲು ಕೊಟ್ಟು ಹೊರಟ.

ಆ ಒಗಟಿಗೆ ದೊರೆ ಡಂಗುರ ಹೊಡೆಸಲಿಲ್ಲ.