ಹೊಳೆಯ ಗೂಟಗಳು

“ಗುರುಗಳೇ, ಆಳುವವನು ತನ್ನ ತಪ್ಪನ್ನು ಒಪ್ಪಿಕೊಂಡು ಅದರಿಂದ ಪಾಠ ಕಲಿತರೆ ಅವನನ್ನು ಮೆಚ್ಚಬೇಕಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಒಂದು ಹೊಳೆ. ಚಳಿಗಾಲದಲ್ಲಿ ಅದರ ಮೇಲೆ ಮಂಜು ಕವಿದರೆ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಆಗ ಎದುರು ದಡ ಇದೆ ಎಂಬುದು ಬರೀ ನಂಬಿಕೆ. ನೀರು ಮೊಣಕಾಲುದ್ದ ಇರುವ ಕಡೆ ಸಾಲಾಗಿ ಗೂಟ ನೆಟ್ಟಿದ್ದರು. ಜನ ಗೂಟದಿಂದ ಗೂಟಕ್ಕೆ ದಾಟುತ್ತಿದ್ದರು.

ಊರ ಯಜಮಾನನ ಮನೆ ಆಚೆ ದಡದಲ್ಲಿತ್ತು. ದಾಟಿದವರು ನೇರ ತನ್ನ ಬಾಗಿಲಿಗೇ ಬರಲಿ ಎಂದು ಅವನು ಗೂಟಗಳನ್ನು ಕೀಳಿಸಿ ಬೇರೆ ಕಡೆ ನೆಡಿಸಿದ. ಅಲ್ಲಿ ಎರಡು ಗೂಟಗಳ ನಡುವೆ ಮಡುವಿತ್ತು. ಬಿಸಿಲಿರುವವರೆಗೆ ಜನ ಅದನ್ನು ಕಂಡು ಸುತ್ತಿ ಹೋದರು. ಆಮೇಲೆ ಮಂಜು ಬಿತ್ತು.

ಒಂದು ಬೆಳಿಗ್ಗೆ ಕುಂಬಾರನೊಬ್ಬ ಮಡಕೆ ಹೊತ್ತು ನೀರಿಗಿಳಿದ. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಮಡಕೆಗಳು ಒಂದೊಂದಾಗಿ ತೇಲಿ ಬಂದವು, ಸಂತೆ ಮುಗಿಸಿ ಮನೆಗೆ ಹೊರಟವರ ಹಾಗೆ, ಅವಸರವಿಲ್ಲದೆ. ಕುಂಬಾರ ಸಂಜೆ ಸಿಕ್ಕಿದ.

ಮಣ್ಣು ಮಾಡಿದ ಮರುದಿನ ಯಜಮಾನ ಕುಂಬಾರನ ಹೆಂಡತಿಯ ಬಾಗಿಲಿಗೆ ಬಂದು ಕೈಮುಗಿದ. ಊರೆಲ್ಲ ಸುತ್ತ ನಿಂತಿತ್ತು.

“ತಪ್ಪಾಯಿತು ತಾಯಿ.”

“ಆಯಿತೋ, ಮಾಡಿದಿರೋ?”

ಜನ ಅವಳನ್ನು ಗದರಿದರು. ಯಜಮಾನ ತಡೆದ. “ಮಾಡಿದೆ. ನಾನೇ ಮಾಡಿದೆ. ನನಗಿದು ಪಾಠ.” ಅವನ ಕಣ್ಣೀರು ನಿಜವಾದದ್ದೇ.

ಮುದುಕನೊಬ್ಬ ಯಜಮಾನನಿಗೆ ಕೈಮುಗಿದ. “ಇವರಪ್ಪನಾಗಿದ್ದರೆ ಹೊಳೆಗೇ ದಂಡ ಹಾಕುತ್ತಿದ್ದ. ಇವರದು ಎಂಥ ದೊಡ್ಡ ಮನಸ್ಸು!”

“ಹಾಗಾದರೆ ಗೂಟ ಕೀಳಿಸಿ,” ಎಂದಳು ಅವಳು. “ನಾಳೆ ಹಾಲು-ತುಪ್ಪಕ್ಕೆ ನಮ್ಮಣ್ಣ ಆ ದಡದಿಂದ ಬರುತ್ತಾನೆ. ಅವನಿಗೆ ಈ ಹೊಳೆ ಗೊತ್ತಿಲ್ಲ. ಗೂಟ ನೋಡಿಕೊಂಡೇ ಇಳಿಯುತ್ತಾನೆ.”

“ಈಗ ಶೂನ್ಯಮಾಸವಲ್ಲವೇ ತಾಯಿ? ಇಂಥ ಕೆಲಸಕ್ಕೆ ಕೈಹಾಕಬಾರದು. ಸಂಕ್ರಾಂತಿ ಕಳೆಯಲಿ, ನೋಡೋಣ.”

ಜನ ಯಜಮಾನನಿಗೆ ಹಾರ ಹಾಕಿ, ಮೇನೆಯಲ್ಲಿ ಕೂರಿಸಿ ಹೊತ್ತರು. ನೀರಿನ ಅಂಚಿನಲ್ಲಿ ಅವನು ಪರದೆ ಸರಿಸಿ, “ಗೂಟದ ಕಡೆ ಬೇಡ್ರಪ್ಪಾ, ಹಳೆಯ ದಾರಿಯಲ್ಲೇ ನಡೆಯಿರಿ,” ಎಂದು ಮೆಲ್ಲಗೆ ಹೇಳಿದ. ಮೇನೆ ಮಂಜಿನಲ್ಲಿ ಕರಗಿತು. ಜಯಕಾರ ಮಾತ್ರ ಇನ್ನೂ ಸ್ವಲ್ಪ ಹೊತ್ತು ನೀರಿನ ಮೇಲೆ ಉಳಿಯಿತು.

ಮರುದಿನ ಬೆಳಕು ಹರಿಯುವ ಮೊದಲೇ ಕುಂಬಾರನ ಹೆಂಡತಿ ಮಡುವನ್ನು ಸುತ್ತಿ ಅದರ ಆಚೆಯ ಅಂಚಿಗೆ ಹೋಗಿ ಎದೆಮಟ್ಟದ ನೀರಿನಲ್ಲಿ ನಿಂತಳು. ಕಾಣದ ದಡದ ಕಡೆಗೆ, “ಅಣ್ಣಾ, ಗೂಟ ನಂಬಬೇಡ! ನನ್ನ ದನಿ ಹಿಡಿದು ಬಾ!” ಎಂದು ಕೂಗುತ್ತಲೇ ಇದ್ದಳು. ಬಿಸಿಲೇರುವ ಹೊತ್ತಿಗೆ ಅಣ್ಣ ಬಂದು ಅವಳ ಕೈ ಹಿಡಿದ. ಊರು ಅದನ್ನೂ ಯಜಮಾನನ ಪುಣ್ಯ ಎಂದಿತು.

ಗುರು ಕತೆ ನಿಲ್ಲಿಸಿದರು.

“ಏನೇ ಇರಲಿ, ಯಜಮಾನ ಪಾಠ ಕಲಿತದ್ದಂತೂ ನಿಜವಲ್ಲವೇ?” ಎಂದ ಶಿಷ್ಯ.

“ನಿಜ. ಗೂಟಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.”