ಇಪ್ಪತ್ತೊಂದು ಗೀರಿನ ಕೊಕ್ಕರೆ

ಒಂದು ಕಾಡಿನ ನಡುವೆ ಅಗಲವಾದ ಹೊಳೆ ಹರಿಯುತ್ತಿತ್ತು. ಹೊಳೆಯ ತುಂಬ ಮೊಸಳೆಗಳಿದ್ದವು. ಆ ದಡದಲ್ಲಿ ಹಣ್ಣು ಚೆನ್ನಾಗಿ ಸಿಗುತ್ತಿತ್ತು, ಈ ದಡದಲ್ಲಿ ಗೆಡ್ಡೆಗೆಣಸು ಚೆನ್ನಾಗಿ ಸಿಗುತ್ತಿತ್ತು. ಹಾಗಾಗಿ ಮೊಲ, ಇಲಿ, ಅಳಿಲು, ಮುಂಗುಸಿಗಳಿಗೆಲ್ಲ ದಿನಾ ಹೊಳೆ ದಾಟುವ ಕೆಲಸ ಇದ್ದೇ ಇರುತ್ತಿತ್ತು. ಅವುಗಳನ್ನು ದಾಟಿಸಲು ಎರಡು ಹಕ್ಕಿ ಬಳಗಗಳಿದ್ದವು. ಒಂದು ಹೆಜ್ಜಾರ್ಲೆಗಳದ್ದು. ಅವು ಪ್ರಯಾಣಿಕರನ್ನು ಕೊಕ್ಕಿನ ಕೆಳಗಿನ ಚೀಲದಲ್ಲಿ ಕೂರಿಸಿಕೊಂಡು ಹಾರುತ್ತಿದ್ದವು. ಒಳಗೆ ಮೀನಿನ ವಾಸನೆ ಎಂದು ಮೊಲಗಳು ಗೊಣಗುತ್ತಿದ್ದವು. ಇನ್ನೊಂದು ಕೊಕ್ಕರೆಗಳದ್ದು. ಅವು ಬೆನ್ನ ಮೇಲೆ ಕೂರಿಸಿಕೊಳ್ಳುತ್ತಿದ್ದವು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು. ಗಟ್ಟಿಯಾಗಿ ಹಿಡಿದುಕೊಳ್ಳುವುದು ಮಾತ್ರ ಪ್ರಯಾಣಿಕರ ಜವಾಬ್ದಾರಿಯಾಗಿತ್ತು.

ಎರಡೂ ಬಳಗಗಳಲ್ಲಿ ಹಿರಿತನವೇ ಎಲ್ಲ. ಮೊದಲು ಕೆಲಸಕ್ಕೆ ಸೇರಿದ ಹಕ್ಕಿಗೆ ತಂಗುಮರದ ತುದಿಕೊಂಬೆ. ಆಮೇಲೆ ಸೇರಿದ್ದಕ್ಕೆ ಅದರ ಕೆಳಗಿನ ಕೊಂಬೆ. ಬೆಳಿಗ್ಗೆ ಎದ್ದ ಕೂಡಲೇ ತುದಿಕೊಂಬೆಯ ಹಕ್ಕಿ ತನಗೆ ಬೇಕಾದ ದಾರಿ ಆರಿಸಿಕೊಳ್ಳುತ್ತಿತ್ತು. ಕೆಳಗಿನವು ಮಿಕ್ಕಿದ್ದನ್ನು ತೆಗೆದುಕೊಳ್ಳುತ್ತಿದ್ದವು. ಯಾರು ಚೆನ್ನಾಗಿ ಹಾರುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗೆ ಕೇಳುವುದು ಮರ್ಯಾದೆಯಲ್ಲ.

ಹಿರಿತನದ ಲೆಕ್ಕ ಇಡುವ ರೀತಿ ಮಾತ್ರ ಬೇರೆಬೇರೆ. ಹೆಜ್ಜಾರ್ಲೆಗಳ ಲೆಕ್ಕವೆಲ್ಲ ಒಂದು ಮುದಿ ಆಮೆಯ ತಲೆಯಲ್ಲಿತ್ತು. ಅದು ಅವರ ಗುಮಾಸ್ತ. ಕೊಕ್ಕರೆಗಳಿಗೆ ಗುಮಾಸ್ತರಿರಲಿಲ್ಲ. ಪ್ರತಿ ಮಳೆಗಾಲ ಮುಗಿದಾಗ ಪ್ರತಿ ಕೊಕ್ಕರೆಯೂ ತಾನು ಕೂರುವ ಜಾಗದ ಪಕ್ಕದಲ್ಲಿ, ಬಳಗದ ತಂಗುಮರವಾದ ಆಲದ ಮರದ ಕಾಂಡದ ಮೇಲೆ, ಕೊಕ್ಕಿನಿಂದ ಒಂದು ಗೀರು ಹಾಕುತ್ತಿತ್ತು. ಎಷ್ಟು ಗೀರೋ ಅಷ್ಟು ವರ್ಷದ ಕೆಲಸ.

ಎರಡು ಬಳಗಗಳಿಗೂ ಪೈಪೋಟಿ ಜೋರಾಗಿತ್ತು. ಒಂದು ದಿನ ಒಂದೇ ಮೊಲದ ಬಲಗಿವಿಯನ್ನು ಹೆಜ್ಜಾರ್ಲೆಯೂ ಎಡಗಿವಿಯನ್ನು ಕೊಕ್ಕರೆಯೂ ಹಿಡಿದು ಎಳೆದವು. ಮೊಲ ಅಳುತ್ತಾ ದೊಡ್ಡಯ್ಯನ ಬಳಿಗೆ ಓಡಿತು. ದೊಡ್ಡಯ್ಯ ಎಂದರೆ ಆನೆ. ಹಕ್ಕಿಗಳ ಹಾರಾಟವನ್ನು ನೋಡಿಕೊಳ್ಳುವ ಹಿರಿಯ ಅಧಿಕಾರಿ ಅವನೇ. ಹಾರಲು ಬಾರದವರು ಹಾರುವವರ ಮೇಲಧಿಕಾರಿಯಾಗುವುದು ಆ ಕಾಡಿನ ಹಳೆಯ ಪದ್ಧತಿ.

ದೊಡ್ಡಯ್ಯ ಸಭೆ ಕರೆದ. "ಇನ್ನು ಎರಡು ಬಳಗ ಇಲ್ಲ, ಒಂದೇ ಬಳಗ" ಎಂದ. "ಎಲ್ಲರೂ ಸಂತೋಷವಾಗಿರಿ. ಯಾರ ಕೆಲಸವೂ ಹೋಗುವುದಿಲ್ಲ. ಯಾರ ಕೆಲಸವೂ ಹೋಗುವುದಿಲ್ಲ. ಯಾರ ಕೆಲಸವೂ ಹೋಗುವುದಿಲ್ಲ."

ಮೊದಲನೆಯ ಸಲ ಹೇಳಿದಾಗ ಹಕ್ಕಿಗಳಿಗೆ ಸಮಾಧಾನವಾಯಿತು. ಮೂರನೆಯ ಸಲ ಹೇಳಿದಾಗ ಎಲ್ಲವೂ ಮುಖ ಮುಖ ನೋಡಿಕೊಂಡವು.

"ಆದರೆ ಒಂದು ಮಾತು" ಎಂದ ದೊಡ್ಡಯ್ಯ. "ಒಂದು ಬಳಗಕ್ಕೆ ಇಲ್ಲಿ ಒಂದೇ ತಂಗುಮರ, ಹೊಳೆಯ ಬದಿಯದು. ಅದರಲ್ಲಿ ಹನ್ನೆರಡು ಹಕ್ಕಿಗೆ ಮಾತ್ರ ಜಾಗ. ನೀವು ಹದಿನೆಂಟು ಜನ ಇದ್ದೀರಿ. ಹಿರಿತನದ ಪಟ್ಟಿಯಲ್ಲಿ ಕೊನೆಯ ಆರು ಜನ ಕಲ್ಲುಗುಡ್ಡದ ತಂಗುಮರಕ್ಕೆ ಹೋಗಬೇಕು. ಮೂರು ದಿನದಲ್ಲಿ ಲೆಕ್ಕ."

ಕಲ್ಲುಗುಡ್ಡ ಎರಡು ದಿನದ ಹಾರಾಟದಷ್ಟು ದೂರ. ಅಲ್ಲಿ ನೀರಿಲ್ಲ, ಮೀನಿಲ್ಲ. ಇರುವ ಪ್ರಯಾಣಿಕರೆಂದರೆ ಓತಿಕ್ಯಾತಗಳು. ಅವುಗಳಿಗೆ ಎಲ್ಲಿಗೂ ಹೋಗುವ ಅವಸರವಿಲ್ಲ.

ಹೆಜ್ಜಾರ್ಲೆಗಳಲ್ಲಿ ಗೌರಕ್ಕ ಎಂಬುವಳಿದ್ದಳು. ಒಂಬತ್ತು ಮಳೆಗಾಲ ಹಾರಿದವಳು. ತನ್ನ ಬಳಗದಲ್ಲಿ ಮೇಲಿನಿಂದ ಐದನೆಯವಳು. ಅವಳ ಗಂಡ ಹಿಂದಿನ ತಿಂಗಳಷ್ಟೇ ಮೊಸಳೆಯ ಬಾಯಿಗೆ ಹೋಗಿದ್ದ. ತಂಗುಮರದ ಪಕ್ಕದ ಹುಣಸೆಮರದಲ್ಲಿ ಅವಳ ಗೂಡಿತ್ತು. ಗೂಡಿನಲ್ಲಿ ಮೂರು ಮರಿಗಳಿದ್ದವು. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿರಲಿಲ್ಲ. ತಾಯಿ ಮೀನು ತಂದು ಬಾಯಿಗಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಗೌರಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕೊಕ್ಕರೆಗಳೆಲ್ಲ ಹುಡುಗರು. ಒಂಬತ್ತು ವರ್ಷ ಹಾರಿದವರು ಅವರಲ್ಲಿ ಒಬ್ಬರೂ ಇಲ್ಲ. "ನಂಗೇನು ಭಯ?" ಎಂದುಕೊಂಡು ಮರಿಗಳಿಗೆ ಮೀನು ತರಲು ಹೋದಳು.

ಕೊಕ್ಕರೆಗಳಲ್ಲಿ ಮರಿಲಿಂಗ ಎಂಬುವನಿದ್ದ. ಹಾರಿದ್ದು ನಾಲ್ಕೇ ಮಳೆಗಾಲ. ಆದರೆ ಬುದ್ಧಿ ನಲವತ್ತು ಮಳೆಗಾಲದ್ದು. ನಡು ಮಧ್ಯಾಹ್ನ, ಪ್ರಯಾಣಿಕರೆಲ್ಲ ನೆರಳಲ್ಲಿ ಮಲಗಿದ್ದಾಗ, ತನ್ನ ಬಳಗದ ಉಳಿದ ಏಳೂ ಕೊಕ್ಕರೆಗಳನ್ನು ಆಲದ ಮರಕ್ಕೆ ಕರೆದ.

"ಹೆಜ್ಜಾರ್ಲೆಗಳ ಲೆಕ್ಕ ಆಮೆಯ ತಲೆಯೊಳಗಿದೆ. ಅದನ್ನು ನಾವು ಮುಟ್ಟೋಕಾಗಲ್ಲ" ಎಂದ. "ನಮ್ಮ ಲೆಕ್ಕ ಮರದ ಮೇಲಿದೆ. ಕೊಕ್ಕು ನಮ್ಮದೇ, ಮರಾನೂ ನಮ್ಮದೇ. ಅವರಲ್ಲಿ ಐದನೇದು ಗೌರಕ್ಕ, ಅವಳದು ಒಂಬತ್ತು. ಅವಳನ್ನ ದಾಟಿದ್ರೆ ನಾವೆಂಟೂ ಇಲ್ಲೇ ಉಳೀತೀವಿ. ನೀವೆಲ್ಲ ಹತ್ತತ್ತು ಮಾಡ್ಕಳಿ, ಸಾಕು."

ಏಳರಲ್ಲಿ ಚಿಕ್ಕವನಾದ ಚಿಕ್ಕೀರ ಹೆದರಿದ. "ಮರಿಲಿಂಗಣ್ಣ, ನಂದು ಎರಡೇ ಗೀರು. ಯಾರಾದ್ರೂ ಕೇಳಿದ್ರೆ?"

"ಕೇಳಿದ್ರೆ ಬಾಯಿ ಮುಚ್ಕಂಡಿರು. ಬೇರೆಯವರ ಗೀರಿನ ವಿಷ್ಯ ನಾವು ಮಾತಾಡಬಾರದು. ನಿನ್ನ ಗೀರು ನಿಂಗೆ, ನನ್ನ ಗೀರು ನಂಗೆ. ಎಲ್ಲರೂ ಆಣೆ ಮಾಡಿ."

ಏಳೂ ಕೊಕ್ಕರೆಗಳು ಆಣೆ ಮಾಡಿದವು. ಆಮೇಲೆ ಮರಕುಟಿಗಗಳೇ ನಾಚುವಂತೆ ಟಕ ಟಕ ಎಂದು ಕುಟ್ಟಿದವು. ಮರಿಲಿಂಗನಿಗೆ ಹತ್ತು ಸಾಲದು. ಅವನಿಗೆ ತುದಿಕೊಂಬೆಯೇ ಬೇಕು. ಹೆಜ್ಜಾರ್ಲೆಗಳಲ್ಲಿ ಎಲ್ಲರಿಗಿಂತ ಹಿರಿಯಳಿಗೆ ಹತ್ತೊಂಬತ್ತು ವರ್ಷ ಎಂದು ಅವನು ತಿಳಿದುಕೊಂಡಿದ್ದ. ಹಾಗಾಗಿ ಇಪ್ಪತ್ತಾಗುವವರೆಗೆ ಗೀರು ಹಾಕಿದ. ಹಿಂದಕ್ಕೆ ಸರಿದು ನೋಡಿದ. ಆಮೆಗೆ ವಯಸ್ಸಾಗಿದೆ, ಒಂದು ವರ್ಷ ಹೆಚ್ಚು ಹೇಳಿಬಿಟ್ಟರೆ? ಇರಲಿ ಎಂದು ಇನ್ನೊಂದು ಹಾಕಿದ. ಇಪ್ಪತ್ತೊಂದು.

ಅಷ್ಟಕ್ಕೇ ಅವನು ಸುಮ್ಮನಾಗಲಿಲ್ಲ. ಹೆಜ್ಜಾರ್ಲೆಗಳಲ್ಲಿ ಒಂದು ನಿಯಮವಿತ್ತು. ಬಳಗಕ್ಕೆ ಕೂಲಿಯಾಗಿ ಬಂದ ಮೀನಿನಲ್ಲಿ ಮೊದಲನೆಯದು ತುದಿಕೊಂಬೆಯವರಿಗೆ. ಈ ಸುದ್ದಿ ಕೇಳಿಯೇ ಮರಿಲಿಂಗನ ಕೊಕ್ಕಿನಲ್ಲಿ ನೀರೂರಿತ್ತು. ನೇರ ದೊಡ್ಡಯ್ಯನ ಬಳಿಗೆ ಹೋಗಿ ಕೈಕಟ್ಟಿ ನಿಲ್ಲುವಂತೆ ರೆಕ್ಕೆ ಕಟ್ಟಿ ನಿಂತ.

"ಸ್ವಾಮಿ, ಹೆಜ್ಜಾರ್ಲೆಗಳು ಹಿರಿಯ ಬಳಗ. ಅವರ ನಿಯಮಗಳೆಲ್ಲ ನಮಗೂ ಇರಲಿ. ಒಂದನ್ನೂ ಬಿಡಬೇಡಿ. ನಾವು ಚಿಕ್ಕವರು, ತಗ್ಗಿ ನಡೀತೀವಿ."

ಎಂಥ ವಿನಯ ಎಂದು ದೊಡ್ಡಯ್ಯನಿಗೆ ಕಣ್ಣು ತುಂಬಿ ಬಂತು. "ಒಂದನ್ನೂ ಬಿಡುವುದಿಲ್ಲ" ಎಂದು ಮಾತು ಕೊಟ್ಟ. ನಿಯಮಗಳು ಎಷ್ಟಿವೆ, ಏನೇನಿವೆ ಎಂದು ಮರಿಲಿಂಗ ಕೇಳಲಿಲ್ಲ. ಮೀನಿನ ನಿಯಮ ಗೊತ್ತಿತ್ತಲ್ಲ, ಸಾಕಾಗಿತ್ತು.

ಮೂರನೆಯ ದಿನ ಲೆಕ್ಕ ನಡೆಯಿತು. ಆಮೆ ಹೆಜ್ಜಾರ್ಲೆಗಳ ವರ್ಷಗಳನ್ನು ನಿಧಾನವಾಗಿ ಹೇಳಿತು. ಆಮೇಲೆ ಎಲ್ಲರೂ ಆಲದ ಮರಕ್ಕೆ ಹೋದರು. ದೊಡ್ಡಯ್ಯ ಸೊಂಡಿಲಿನಿಂದ ಒಂದೊಂದೇ ಗೀರು ಮುಟ್ಟಿ ಎಣಿಸಿದ. ಗೌರಕ್ಕ ಕತ್ತು ಚಾಚಿ ನೋಡಿದಳು.

"ದೊಡ್ಡಯ್ನೋರೆ, ಇದೇನಿದು? ಗೀರಿಂದ ಇನ್ನೂ ಹಾಲು ಸುರೀತಾ ಐತೆ! ಹೋದ ವರ್ಷದ ಗೀರಲ್ಲಿ ಯಾವಾಗಾದ್ರೂ ಹಾಲು ಬತ್ತದಾ?"

ಎಲ್ಲರೂ ಮರಿಲಿಂಗನತ್ತ ತಿರುಗಿದರು. ಮರಿಲಿಂಗ ಒಂದು ಕ್ಷಣವೂ ತಡವರಿಸಲಿಲ್ಲ. "ಅದು ಹಾಲಲ್ಲ ಸ್ವಾಮಿ" ಎಂದು ಮೆಲ್ಲಗೆ ಹೇಳಿದ. "ಎರಡು ಬಳಗ ಒಂದಾಯ್ತಲ್ಲ, ಮರಕ್ಕೆ ಆನಂದಬಾಷ್ಪ."

ಒಂದಾಗಿಸಿದವನು ದೊಡ್ಡಯ್ಯನೇ ಅಲ್ಲವೇ? ಅವನಿಗೆ ಈ ಮಾತು ತುಂಬಾ ಹಿಡಿಸಿತು. "ನನಗೆ ಹಾರಲು ಬಾರದಿರಬಹುದು, ಎಣಿಸಲು ಬರುತ್ತದೆ. ಗೀರು ಎಂದರೆ ಗೀರು" ಎಂದ. ಆನೆ ನಡೆದದ್ದೇ ದಾರಿ ಎನ್ನುತ್ತಾರಲ್ಲ, ಹಾಗೆ ಪಟ್ಟಿ ಸಿದ್ಧವಾಯಿತು. ಮೊದಲನೆಯವನು ಮರಿಲಿಂಗ. ಎಂಟು ಕೊಕ್ಕರೆಗಳೂ ನಾಲ್ಕು ಹಿರಿಯ ಹೆಜ್ಜಾರ್ಲೆಗಳೂ ಸೇರಿ ಹನ್ನೆರಡು. ಹದಿಮೂರನೆಯವಳು ಗೌರಕ್ಕ.

ಗೌರಕ್ಕ ದೊಡ್ಡಯ್ಯನ ಕಾಲಿಗೆ ಬಿದ್ದಳು. "ಮೂರು ಮರಿ ಅವೆ ಸ್ವಾಮಿ" ಎಂದು ಗೋಗರೆದಳು. "ಇನ್ನೆರಡು ತಿಂಗ್ಳು ಇಲ್ಲೇ ಇರಾಕ್ ಬುಡಿ. ಅವುಕ್ಕೆ ರೆಕ್ಕೆ ಬರ್ಲಿ. ಆಮ್ಯಾಕೆ ಕಲ್ಲುಗುಡ್ಡ ಅಲ್ಲ, ಅದರಾಚೆಗೆ ಕಳ್ಸಿದ್ರೂ ಹೋಯ್ತೀನಿ. ಈಗ ಹೋದ್ರೆ ಅವು ಬದುಕಾಕಿಲ್ಲ."

ದೊಡ್ಡಯ್ಯ ಕಟುಕನೇನಲ್ಲ. ಪಟ್ಟಿಯನ್ನು ಮತ್ತೊಮ್ಮೆ ನೋಡಿದ. "ಪಟ್ಟಿಯಲ್ಲಿ ಮರಿಗಳ ವಿಷಯ ಏನೂ ಇಲ್ಲವಲ್ಲಮ್ಮ" ಎಂದು ಬೇಸರದಿಂದ ಹೇಳಿದ. "ಅದೂ ಅಲ್ಲದೆ, ನಿನ್ನ ಕೆಲಸವೇನೂ ಹೋಗಿಲ್ಲ. ಜಾಗ ಮಾತ್ರ ಬದಲಾಗಿದೆ."

ಹದಿನೆಂಟು ಹಕ್ಕಿಗಳೂ ಒಪ್ಪಿಗೆಯೆಂದು ಕೆಸರಿನಲ್ಲಿ ಕಾಲಿನ ಗುರುತು ಒತ್ತಿದವು. ಒತ್ತಿದ ಮೇಲೆ ಪಟ್ಟಿ ಬದಲಾಗುವಂತಿಲ್ಲ ಎಂದು ದೊಡ್ಡಯ್ಯ ಘೋಷಿಸಿದ. ಮರಿಲಿಂಗ ಎಲ್ಲರಿಗಿಂತ ಜೋರಾಗಿ ಒತ್ತಿದ. ಗೌರಕ್ಕ ಕೊನೆಯವರೆಗೂ ನಿಂತು, ಕಣ್ಣು ಮುಚ್ಚಿಕೊಂಡು ಒತ್ತಿದಳು. ಮರಿಲಿಂಗ ಪಟಪಟನೆ ರೆಕ್ಕೆ ಬಡಿದು ತುದಿಕೊಂಬೆಗೆ ಹಾರಿ ಕುಳಿತ. ಅಲ್ಲಿಂದ ಹೊಳೆಯ ಎರಡೂ ದಡ ಕಾಣುತ್ತಿದ್ದವು. "ಮೊದಲ ಮೀನು ಯಾವಾಗ ಬತ್ತದೆ?" ಎಂದು ಕೇಳಿದ.

"ಬಂತು, ಬಂತು" ಎಂದಿತು ಆಮೆ. "ಮೊದಲು ನಿಯಮ ಓದಿಬಿಡ್ತೀನಿ. ಒಂದನ್ನೂ ಬಿಡಬಾರದು ಅಂತ ನೀವೇ ಕೇಳ್ಕೊಂಡಿದ್ರಂತೆ."

ಆಮೆ ಕಣ್ಣು ಮುಚ್ಚಿ ನೆನಪಿನಿಂದ ಹೇಳತೊಡಗಿತು. ಮೊದಲನೆಯ ನಿಯಮ ಮೀನಿನದು. ಮರಿಲಿಂಗ ತಲೆಯಾಡಿಸಿದ. ಎರಡನೆಯದು ರೆಕ್ಕೆ ತೊಳೆಯುವುದರ ಬಗ್ಗೆ. ಅದಕ್ಕೂ ತಲೆಯಾಡಿಸಿದ. ಹೀಗೆ ಎಂಟು ನಿಯಮಗಳಿಗೆ ತಲೆಯಾಡಿಸಿದ.

"ಒಂಬತ್ತನೆಯದು" ಎಂದಿತು ಆಮೆ. "ಇಪ್ಪತ್ತು ಮಳೆಗಾಲ ದಾಟಿದ ಹಕ್ಕಿ ಪ್ರಯಾಣಿಕರನ್ನು ಹೊರಬಾರದು. ಹಿಂದೆ ಒಬ್ಬ ಮುದುಕ ಮುಂಗುಸಿ ಸಂಸಾರವನ್ನು ಹೊಳೆಗೆ ಬೀಳಿಸಿದ ಮೇಲೆ ಮಾಡಿದ ನಿಯಮ. ಅಂಥವರಿಗೆ ತಾವರೆದಂಟಿನ ಹಾರ ಹಾಕಿ, ಗೌರವದಿಂದ ಅಂದೇ ಮನೆಗೆ ಕಳಿಸತಕ್ಕದ್ದು."

ದೊಡ್ಡಯ್ಯ ಪಟ್ಟಿಯ ಮೊದಲನೆಯ ಹೆಸರು ನೋಡಿದ. ಇಪ್ಪತ್ತೊಂದು ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಅವನ ಮುಖದಲ್ಲಿ ಭಕ್ತಿ ಮೂಡಿತು.

"ಇಪ್ಪತ್ತೊಂದು ವರ್ಷ!" ಎಂದ. "ಮರಿಲಿಂಗಪ್ಪನವರೇ, ಎಂಥ ಸೇವೆ! ದಯವಿಟ್ಟು ಕೆಳಗಿಳಿದು ಬನ್ನಿ. ಯಾರಲ್ಲಿ, ಹಾರ ತನ್ನಿ!"

ಮರಿಲಿಂಗನ ಬಾಯಲ್ಲಿ ಬಿಸಿತುಪ್ಪ ಇಟ್ಟಂತಾಯಿತು. ನುಂಗಿದರೆ ಕೆಲಸ ಹೋಗುತ್ತದೆ, ಉಗುಳಿದರೆ ಮಾನ ಹೋಗುತ್ತದೆ. ಒಂದು ಗಳಿಗೆ ಯೋಚಿಸಿದ. ಮಾನ ಹೋದರೂ ಹೊಟ್ಟೆ ಉಳಿಯುತ್ತದಲ್ಲ ಎಂದು ಉಗುಳಿಯೇ ಬಿಟ್ಟ.

"ಸ್ವಾಮಿ, ನಂದು ನಾಲ್ಕೇ ಮಳೆಗಾಲ! ಆ ಹದಿನೇಳು ಗೀರು ಸುಳ್ಳು! ಮೊನ್ನೆ ಮಧ್ಯಾಹ್ನ ನಾನೇ ಕುಟ್ಟಿದ್ದು!"

ಮರಿಲಿಂಗ ಹುಟ್ಟಿದ ಮೇಲೆ ಹೇಳಿದ ಮೊದಲ ನಿಜ ಅದೇ ಇರಬೇಕು. ದೊಡ್ಡಯ್ಯ ಕಿವಿ ಬೀಸುತ್ತಾ ಮುಗುಳ್ನಕ್ಕ. "ಬಿಟ್ಟು ಹೋಗುವಾಗ ಎಲ್ಲರೂ ಹೀಗೇ ಹೇಳುತ್ತಾರೆ" ಎಂದ. "ಹೋದ ವರ್ಷ ಒಬ್ಬ ಮುದುಕ ಹೆಜ್ಜಾರ್ಲೆ ತಾನು ಇನ್ನೂ ಮೊಟ್ಟೆಯಲ್ಲಿದ್ದೇನೆ ಎನ್ನುವ ಹಾಗೆ ಅತ್ತಿದ್ದ. ಕೆಲಸದ ಮೇಲೆ ನಿಮಗೆ ಅಷ್ಟು ಪ್ರೀತಿ!"

"ಚಿಕ್ಕೀರನ್ನ ಕೇಳಿ!" ಎಂದು ಮರಿಲಿಂಗ ಕಿರುಚಿದ. "ಲೋ ಚಿಕ್ಕೀರ, ಹೇಳೋ! ನೀನೂ ಅಲ್ಲೇ ಇದ್ಯಲ್ಲೋ!"

ಚಿಕ್ಕೀರ ಮರಿಲಿಂಗನನ್ನು ನೋಡಿದ. ತುದಿಕೊಂಬೆಯನ್ನು ನೋಡಿದ. ಮರಿಲಿಂಗ ಹೋದರೆ ಎಲ್ಲರೂ ಒಂದೊಂದು ಕೊಂಬೆ ಮೇಲಕ್ಕೆ. ಉಳಿದ ಆರು ಕೊಕ್ಕರೆಗಳೂ ಅದೇ ಲೆಕ್ಕ ಹಾಕುತ್ತಿದ್ದವು.

"ಬೇರೆಯವರ ಗೀರಿನ ವಿಷ್ಯ ನಾವು ಮಾತಾಡಲ್ಲ ದೊಡ್ಡಯ್ನೋರೆ, ಆಣೆ ಮಾಡಿದೀವಿ" ಎಂದ ಚಿಕ್ಕೀರ. ಆಮೇಲೆ ಸ್ವಲ್ಪ ಯೋಚಿಸಿ ಸೇರಿಸಿದ. "ಆದ್ರೆ ಒಂದ್ ಮಾತು. ನಾನು ಮರಿ ಆಗಿದ್ದಾಗ್ಲೇ ಮರಿಲಿಂಗಜ್ಜ ಅಜ್ಜನೇ ಆಗಿದ್ರು."

ಹಾರ ಬಂತು. ತಾವರೆದಂಟು ಒದ್ದೆಯಾಗಿ ಭಾರವಾಗಿತ್ತು. ಮರಿಲಿಂಗನ ತೆಳ್ಳನೆಯ ಕತ್ತು ಅದರ ಭಾರಕ್ಕೆ ಬಾಗಿತು. ನೋಡಿದವರೆಲ್ಲ, ಪಾಪ, ನಿಜವಾಗಿಯೂ ವಯಸ್ಸಾಗಿದೆ ಎಂದರು.

ಪಟ್ಟಿಯಿಂದ ಒಂದು ಹೆಸರು ಹೋಯಿತು. ಹದಿಮೂರನೆಯವಳು ಹನ್ನೆರಡನೆಯವಳಾದಳು. ಗೌರಕ್ಕ ಅಲ್ಲಿ ನಿಲ್ಲಲಿಲ್ಲ. ಭಾಷಣ ಮುಗಿಯುವ ಮುಂಚೆಯೇ ಹುಣಸೆಮರಕ್ಕೆ ಹಾರಿ, ಮೂರೂ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ ಕೊಂಬೆ, ಮೊಸಳೆಗಳು ಹೆಚ್ಚಿರುವ ದಾರಿ. ಒಂಬತ್ತು ವರ್ಷ ಹಾರಿದವಳು ಎರಡು ವರ್ಷದ ಚಿಕ್ಕೀರನಿಗಿಂತ ಕೆಳಗೆ ಕೂತಳು. ಉಳಿದ ಐದು ಹೆಜ್ಜಾರ್ಲೆಗಳು ಕಲ್ಲುಗುಡ್ಡಕ್ಕೆ ಹೋದವು. ಇದು ನ್ಯಾಯವೇ ಎಂದು ಮಕ್ಕಳು ಕೇಳಿದರೆ, ಅಲ್ಲ ಎಂದೇ ಹೇಳಬೇಕು. ಆದರೆ ಸಂಜೆ ಅವಳ ಮರಿಗಳ ಬಾಯಿಗೆ ಮೀನು ಬಿತ್ತು.

ಮರುದಿನ ಬೆಳಿಗ್ಗೆ ಮರಿಲಿಂಗ ಹಾರವನ್ನು ಪೊದೆಗೆ ಎಸೆದು, ಯಾರಿಗೂ ತಿಳಿಯದಂತೆ ಒಂಟಿಯಾಗಿ ದುಡಿಯೋಣ ಎಂದು ದಡಕ್ಕೆ ಬಂದ. ಅಲ್ಲೊಂದು ಪುಟ್ಟ ಇಲಿ ದಾಟಲು ಕಾಯುತ್ತಿತ್ತು.

"ಹತ್ತು, ಹತ್ತು ಬೇಗ" ಎಂದ ಮರಿಲಿಂಗ. ಎದೆಯುಬ್ಬಿಸಿ ರೆಕ್ಕೆ ಬಿಚ್ಚಿ ತೋರಿಸಿದ. ಆ ರೆಕ್ಕೆಯಲ್ಲಿ ಬೇಕಾದಷ್ಟು ಕಸುವಿತ್ತು.

ಇಲಿ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. "ಬೇಡ ಅಜ್ಜ" ಎಂದಿತು ಮರುಕದಿಂದ. "ನಿಮಗ್ಯಾಕೆ ಈ ವಯಸ್ಸಲ್ಲಿ ತೊಂದರೆ? ಬನ್ನಿ, ನಿಮ್ಮ ಕೈ ಹಿಡ್ಕೊಂಡು ನಾನೇ ನೆರಳಲ್ಲಿ ಕೂರಿಸ್ತೀನಿ."

ನೀತಿ: ಸುಳ್ಳಿನ ಹಿರಿತನದಿಂದ ಮೇಲಕ್ಕೆ ಏರಬಹುದು, ಆದರೆ ಆ ಹಿರಿತನದ ಫಲವನ್ನೂ ಪೂರ್ತಿಯಾಗಿ ಉಣ್ಣಬೇಕಾಗುತ್ತದೆ, ಮತ್ತು ಸುಳ್ಳು ಹೇಳಲು ಕಲಿಸಿದವನ ಪರವಾಗಿ ನಿಜ ಹೇಳಲು ಯಾರೂ ಬರುವುದಿಲ್ಲ.