ಮಾಳವ್ವನ ಕಂಕುಳಲ್ಲಿ ಹುಂಜ

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ. ಬೆಟ್ಟಗಳು ಸರಿಯಾಗಿ ಒಣಗಿರಲಿಲ್ಲ. ಹೊಳೆ ಕಂಡಕಂಡವರನ್ನು ದಾರಿ ಕೇಳಿಕೊಂಡು ಹರಿಯುತ್ತಿತ್ತು. ಆಗ ಇಡೀ ಲೋಕಕ್ಕೆ ಇದ್ದದ್ದು ಒಂದೇ ಒಂದು ಹುಂಜ. ಅವನಿದ್ದದ್ದು ಮಾಳವ್ವ ಅನ್ನೋ ಮುದುಕಿಯ ಹಿತ್ತಿಲಲ್ಲಿ.

ಭೂಮಿತಾಯಿ ಎಲ್ಲರಿಗೂ ಒಂದೊಂದು ಕೆಲಸ ಹಂಚಿದ್ದಳು. ಇರುವೆಗೆ ಹೊರುವ ಕೆಲಸ. ಜೇಡಕ್ಕೆ ನೇಯುವ ಕೆಲಸ. ಹುಂಜನ ಸರದಿ ಬಂದಾಗ, "ನೀನು ಹಿತ್ತಿಲು ಕಾಯಪ್ಪ" ಅಂದಳು. ಅಷ್ಟೇ. ಯಾರು ಬಂದರೆ ಬಿಡಬೇಕು, ಯಾರು ಬಂದರೆ ತಡೆಯಬೇಕು ಅಂತ ಹೇಳಲೇ ಇಲ್ಲ. ಪಾಪ, ಆನೆಗೆ ಕಿವಿ ಅಂಟಿಸೋದು ಇನ್ನೂ ಬಾಕಿ ಇತ್ತು, ಅವಸರದಲ್ಲಿ ಹೊರಟುಹೋದಳು.

ಸರಿ, ಹುಂಜ ಯಾರನ್ನೂ ಬಿಡಲಿಲ್ಲ. ಕರು ಬಂದರೆ ಕುಕ್ಕಿದ. ಬೆಕ್ಕು ಬಂದರೆ ಕುಕ್ಕಿದ. ಗಾಳಿ ಬಂದು ನುಗ್ಗೆಸೊಪ್ಪು ಅಲ್ಲಾಡಿಸಿದರೆ ಗಾಳಿಯನ್ನೂ ಅಟ್ಟಿಸಿಕೊಂಡು ಹೋದ.

ಆ ದಿನಗಳಲ್ಲಿ ಮಾಳವ್ವ ಮನೆಯಲ್ಲಿರಲಿಲ್ಲ. ಹಕ್ಕಿ ಓಡಿಸೋಕೆ ನವಣೆ ಹೊಲದ ಅಟ್ಟಣೆ ಮೇಲೆ ಕೂತಿದ್ದಳು. ಮನೆಯಲ್ಲಿದ್ದವರು ಮೂರೇ ಜನ. ಮೂವರೂ ಒಂದೊಂದು ತಪ್ಪು ಮಾಡಿದರು.

ಮೊಮ್ಮಗಳು ಕೆಂಪಿ ಹುಂಜನನ್ನು ಕಂಡರೆ ಓಡಿದಳು. 'ಗೆದ್ದೆ!' ಅಂದುಕೊಂಡ ಹುಂಜ.

ಮಗಳು ನಿಂಗವ್ವ ಪೊರಕೆ ತೆಗೆದು ಬಾರಿಸಿದಳು. 'ಓಹೋ, ಕುಸ್ತಿಗೆ ಕರೀತಾವ್ಳೆ!' ಅಂದುಕೊಂಡು ಇನ್ನೂ ಎತ್ತರಕ್ಕೆ ಹಾರಿದ.

ಅಳಿಯನದು ಇನ್ನೂ ಚೆಂದ. ಹಿತ್ತಿಲಿಗೆ ಹೋಗುವಾಗೆಲ್ಲ ಒಂದು ಹಿಡಿ ರಾಗಿ ಎರಚಿ, ಹುಂಜ ತಿನ್ನೋಕೆ ತಲೆ ಬಗ್ಗಿಸಿದಾಗ ಪಕ್ಕದಲ್ಲಿ ನುಸುಳಿದ. ಹುಂಜನಿಗೆ ಏನನ್ನಿಸಬೇಡ? 'ಭಲೇ! ನನಗೆ ಕಪ್ಪ ಒಪ್ಪಿಸ್ತಾರೆ, ನಾನೇ ಇಲ್ಲಿ ದೊರೆ' ಅಂತ ಎದೆ ಉಬ್ಬಿಸಿದ. ಮಾರನೇ ದಿನ ರಾಗಿ ತರದೆ ಬಂದ ಅಳಿಯನ ಮೊಣಕಾಲು ನೋಡಬೇಕಿತ್ತು ನೀವು!

ಒಂದು ಬೆಳಿಗ್ಗೆ ಕೆಂಪಿ ಮೊಟ್ಟೆ ತರೋಕೆ ಹೋದಳು. ಹುಂಜ ಹಿಂದಿನಿಂದ ಹಾರಿ ಕಾಲಿನ ಮುಳ್ಳಿನಿಂದ ಅವಳ ಮೀನಖಂಡ ಸೀಳಿಬಿಟ್ಟ. ರಕ್ತ ಸುರಿಯಿತು. ಮಗು ಚೀರಿದ್ದು ಹೊಳೆವರೆಗೂ ಕೇಳಿಸಿತು. ನಿಂಗವ್ವ ಗಾಯಕ್ಕೆ ಅರಿಸಿನ ಹಚ್ಚಿ ಕಟ್ಟಿದಳು. ಆಮೇಲೆ ಒರಳಿನ ಮುಂದೆ ಕೂತು ಖಾರ ಅರೆಯತೊಡಗಿದಳು.

ಕೊತ್ತಂಬರಿ, ಮೆಣಸು, ಚಕ್ಕೆಯ ಘಮಲು ಗಾಳಿಗೆ ತಾಕಿತು. ಗಾಳಿ ಹೊಲಕ್ಕೆ ಓಡಿತು.

"ಮಾಳವ್ವಾ, ಬೇಗ ಇಳಿ! ನಿನ್ನ ಮಗಳು ಖಾರ ಅರೀತಾವ್ಳೆ. ಯಾಕೆ ಅಂತ ನಾನೇನೂ ಹೇಳಬೇಕಾಗಿಲ್ಲ."

ಮಾಳವ್ವ ಅಟ್ಟಣೆಯಿಂದ ಧಡಧಡನೆ ಇಳಿದಳು. ಲೋಕಕ್ಕೆಲ್ಲ ಇರೋದು ಒಂದು ಹುಂಜ. ಅವನು ಸಾರಿಗೆ ಬಿದ್ದರೆ ಇನ್ನು ಮರಿ ಎಲ್ಲಿಂದ ಬರಬೇಕು? ಇದ್ದ ಹೇಂಟೆಗಳು ಮುದಿಯಾಗಿ ಸತ್ತರೆ ಲೋಕದಲ್ಲಿ ಕೋಳಿ ಅನ್ನೋ ಜಾತಿಯೇ ಇರೋದಿಲ್ಲ. ಅವಳು ಸೆರಗು ಬಿಗಿದು ಮನೆ ಕಡೆ ನಡೆದಳು.

"ಅವ್ವಾ, ಅಡ್ಡ ಬರಬೇಡ," ಅಂದಳು ನಿಂಗವ್ವ. "ಕೋಳಿ ಹೋದರೆ ಹೋಗಲಿ. ನನಗೆ ನನ್ನ ಮಗಳು ದೊಡ್ಡದು."

"ನನಗೂ ಅವಳೇ ದೊಡ್ಡದು ಕಣೇ. ಹೊತ್ತು ಮುಳುಗೋವರೆಗೆ ತಡಿ. ಅಷ್ಟರಲ್ಲಿ ಅವನಿಗೆ ಬುದ್ಧಿ ಬರದಿದ್ದರೆ ನಾನೇ ಒಲೆ ಹಚ್ಚಿಕೊಡ್ತೀನಿ."

ಮಾಳವ್ವ ಮೊಣಕಾಲಿನ ಕೆಳಗೆ ಕಂಬಳಿ ಸುತ್ತಿಕೊಂಡಳು. ಕೋಲು ಹಿಡಿಯಲಿಲ್ಲ, ರಾಗಿ ಹಿಡಿಯಲಿಲ್ಲ. ಸೀದಾ ಹಿತ್ತಿಲಿಗೆ ಹೋದಳು. ಹುಂಜ ಕತ್ತಿನ ಗರಿ ಕೆದರಿ ಹಾರಿ ಬಂದ. ಕಂಬಳಿಗೆ ಒದ್ದ. ಮಾಳವ್ವ ಓಡಲಿಲ್ಲ. ಮತ್ತೆ ಒದ್ದ. ಹಿಂದಕ್ಕೂ ಸರಿಯಲಿಲ್ಲ, ಒಂದು ಹೆಜ್ಜೆ ಅವನ ಕಡೆಗೇ ಇಟ್ಟಳು. ಹುಂಜನಿಗೆ ಗಲಿಬಿಲಿ. ಓಡದೇ ಇರೋರನ್ನು ಏನು ಮಾಡಬೇಕು ಅಂತ ಅವನಿಗೆ ಗೊತ್ತೇ ಇರಲಿಲ್ಲ! ಅವನು ಯೋಚಿಸೋದರೊಳಗೆ ಮಾಳವ್ವ ಬಾಗಿ, ಅವನನ್ನೆತ್ತಿ, ರೆಕ್ಕೆ ಬಿಚ್ಚದ ಹಾಗೆ ಕಂಕುಳಲ್ಲಿ ಅವುಚಿಕೊಂಡಳು.

"ಬಿಡು, ನಾನು ದೊರೆ!" ಅಂದ ಹುಂಜ.

"ಆಗಲಿ ದೊರೆ, ನನಗೆ ಮನೆಕೆಲಸ ಐತೆ, ಜೊತೆಗೆ ಬಾ," ಅಂದಳು ಮಾಳವ್ವ.

ಕಂಕುಳಲ್ಲಿ ಹುಂಜ, ಇನ್ನೊಂದು ಕೈಯಲ್ಲಿ ಪೊರಕೆ. ಅಂಗಳ ಗುಡಿಸಿದಳು. ಹಸುವಿಗೆ ಹುಲ್ಲು ಹಾಕಿದಳು. ಹಾದಿಯಲ್ಲಿ ಹೋಗೋರ ಜೊತೆ ಹರಟೆ ಹೊಡೆದಳು. ತೋಳು ಸೋತರೂ ಕಂಕುಳು ಬದಲಾಯಿಸಲಿಲ್ಲ, ಕೆಳಗೂ ಬಿಡಲಿಲ್ಲ. ಹುಂಜ ಒದರಿದ, ಕೊಸರಾಡಿದ. ಹೇಂಟೆಗಳೆಲ್ಲ ಸಾಲಾಗಿ ನಿಂತು, "ದೊರೆಗಳ ಸವಾರಿ ನೋಡ್ರೇ!" ಅಂತ ನಕ್ಕವು. ಅವನಿಗೆ ಅಳುವೇ ಬಂತು. ಆಮೇಲೆ ಸುಮ್ಮನಾದ. ಮಾಳವ್ವನ ಎದೆ ಬಡಿತ ಅವನ ಪಕ್ಕೆಗೆ ತಾಕುತ್ತಿತ್ತು, ಬೆಚ್ಚಗಿತ್ತು.

ಮಧ್ಯಾಹ್ನ ಹುಂಜ ಇದ್ದಕ್ಕಿದ್ದ ಹಾಗೆ ಕತ್ತು ಓರೆ ಮಾಡಿ, ಒಂದೇ ಕಣ್ಣಲ್ಲಿ ಮೇಲೆ ನೋಡಿ "ಕ್ರ್‌ರ್‌ರ್" ಅಂದ. ಹೇಂಟೆಗಳು ಮರಿಗಳ ಸಮೇತ ಬೇಲಿ ಕೆಳಗೆ ಸೇರಿಕೊಂಡವು. ಮೇಲಿಂದ ಎರಗಿದ ಹದ್ದು ಮರಿ ಸಿಗದೆ ಬರಿಗಾಲಲ್ಲಿ ವಾಪಸ್ಸು ಹೋಯಿತು.

"ಎಲಾ ಇವನ!" ಅಂದಳು ಮಾಳವ್ವ. "ಕೆಲಸ ಬರುತ್ತೆ ಕಣೋ ನಿನಗೆ. ಹೇಳಿಕೊಟ್ಟೋರು ಅರ್ಧ ಹೇಳವ್ರೆ. ಉಳಿದರ್ಧ ನಾನು ಹೇಳ್ತೀನಿ, ಕೇಳು. ಮೇಲಿಂದ ಬರೋದು, ಬೇಲಿ ಹಾರಿ ಬರೋದು ನಿನ್ನ ಪಾಲು. ಬಾಗಿಲಿಂದ ಬರೋದು ನನ್ನ ಪಾಲು. ತಿಳೀತಾ?"

ಹುಂಜ ಕಣ್ಣು ಮಿಟುಕಿಸಿದ.

ಹೊತ್ತು ಇಳಿಯಿತು. ಅರೆದ ಖಾರ ಒರಳಲ್ಲೇ ಕಾದು ಕೂತಿತ್ತು. ಮಾಳವ್ವ ಹುಂಜನನ್ನು ನೆಲಕ್ಕೆ ಬಿಟ್ಟು, "ಕೆಂಪೀ, ಬಾರವ್ವ. ಮೊಟ್ಟೆ ತಗೊಂಡು ಬಾ" ಅಂದಳು.

"ಬೇಡ ಅಜ್ಜಿ, ನನಗೆ ಭಯ."

"ಭಯ ಇರಲಿ, ಓಡಬೇಡ ಅಷ್ಟೇ. ನಾನಿಲ್ಲೇ ಇವ್ನಿ."

ನಿಂಗವ್ವ ಕೈಯಲ್ಲಿ ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತಳು. ಕೆಂಪಿ ಕುಂಟುತ್ತಾ ಹೆಜ್ಜೆಯಿಟ್ಟಳು. ಹುಂಜ ಗರಿ ಕೆದರಿ ಅವಳ ಕಡೆ ನುಗ್ಗಿದ. ಕೆಂಪಿ ಮುಷ್ಟಿ ಬಿಗಿದು, ಅಳುತ್ತಲೇ ಒಂದು ಹೆಜ್ಜೆ ಮುಂದಿಟ್ಟಳು.

ಹುಂಜ ಗಕ್ಕನೆ ನಿಂತ. ಹಾರೋಣ ಅಂತ ರೆಕ್ಕೆ ಎತ್ತಿದ. ಒಂದು ರೆಕ್ಕೆ ಎದ್ದಿತು, ದಿನವೆಲ್ಲ ಅಜ್ಜಿಯ ಕಂಕುಳಿಗೆ ಒತ್ತಿಕೊಂಡಿದ್ದ ರೆಕ್ಕೆ ಏಳಲಿಲ್ಲ. ಅದು ಕೆಳಗಿಳಿದು ನೆಲ ಗುಡಿಸಿತು. ಹುಂಜ ಅಡ್ಡಡ್ಡ ಹೆಜ್ಜೆಯಿಟ್ಟು ಕೆಂಪಿಯ ಸುತ್ತ ಅರ್ಧ ಸುತ್ತು ಬಂದು ದಾರಿ ಬಿಟ್ಟ. ಆಚೆ ಹೋಗಿ ಮಣ್ಣು ಕೆದಕಿ, ಸಿಕ್ಕಿದ ಕಾಳು ತಾನು ತಿನ್ನದೆ, "ಕೊಕ್ ಕೊಕ್, ಬನ್ರೇ" ಅಂತ ಹೇಂಟೆಗಳನ್ನು ಕರೆದ.

ಕೆಂಪಿ ಲಂಗದ ಮಡಿಲ ತುಂಬ ಮೊಟ್ಟೆ ತಂದಳು. ನಿಂಗವ್ವ ಕುಡುಗೋಲು ಸೂರಿಗೆ ಸಿಕ್ಕಿಸಿ, ಮಗಳನ್ನು ಬಾಚಿ ತಬ್ಬಿಕೊಂಡು ಅತ್ತಳು. ಅರೆದಿಟ್ಟ ಖಾರಕ್ಕೆ ಆ ರಾತ್ರಿ ಬಿದ್ದದ್ದು ಮೊಟ್ಟೆ.

ಅದಕ್ಕೇ ಮಕ್ಕಳೇ, ಇವತ್ತಿಗೂ ಹುಂಜ ಒಂದು ರೆಕ್ಕೆ ಇಳಿಬಿಟ್ಟು, ನೆಲ ಗುಡಿಸುತ್ತಾ, ಅಡ್ಡಡ್ಡ ಸುತ್ತು ಬರುತ್ತಾನೆ. ನಿಮ್ಮ ಹಿತ್ತಿಲಿನವನು ಎಂದಾದರೂ ಗರಿ ಕೆದರಿ ಎದುರು ಬಂದರೆ ಓಡಬೇಡಿ, ಒಂದು ಹೆಜ್ಜೆ ಮುಂದಿಡಿ. ಅವನ ರೆಕ್ಕೆಗೆ ಮಾಳವ್ವನ ಕಂಕುಳು ಇನ್ನೂ ನೆನಪಿದೆ.